ಹೆಪ್ಪಿಗೆ ಕೂತವರು

ದಾಕ್ಷಾಯಣಮ್ಮ ಒಲೆ ಸಾರಿಸುತ್ತಿದ್ದಳು. ಸಗಣಿಗೆ ಕೆಮ್ಮಣ್ಣು ಕಲಸಿದ ಬೋಗುಣಿ ಪಕ್ಕದಲ್ಲಿತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಲೆಯ ಗುಂಡುಗಳನ್ನು ಒಂದೊಂದಾಗಿ ಸವರಿಕೊಂಡು ಬರುತ್ತಿದ್ದಳು. ಗಂಡ ಪಂಚಾಕ್ಷರಯ್ಯ ಎದ್ದು ಬಸ್ ಸ್ಟಾಂಡಿಗೆ ಹೋಗಿ ಆಗಿತ್ತು. ಮಗಳು ಶಾಂತಕುಮಾರಿ ಪಡಸಾಲೆಯಲ್ಲಿ ಇನ್ನೂ ಮಲಗಿದ್ದಳು. ಬೆಳಗಿನ ಕೆಲಸಗಳಲ್ಲಿ ದಾಕ್ಷಾಯಣಮ್ಮನಿಗೆ ಹಿತವೆನಿಸುತ್ತಿದ್ದುದು ಇದೊಂದೇ. ಒದ್ದೆ ಮಣ್ಣಿನ ವಾಸನೆ, ಜೊತೆಗೆ ಒಂದಿಷ್ಟು ಹೊತ್ತು ಯಾರೂ ಕರೆಯದೆ ಇರುವುದು.

ಅಷ್ಟರಲ್ಲಿ ಹಿತ್ತಿಲ ಬಾಗಿಲನ್ನು ಯಾರೋ ಮೆಲ್ಲಗೆ ತಟ್ಟಿದರು.

ತೆಗೆದು ನೋಡಿದರೆ ರಂಗಣ್ಣ. ಖಾಕಿ ಅಂಗಿ, ಹೆಗಲಿಗೆ ಚರ್ಮದ ಚೀಲ. ದೊಡ್ಡಯ್ಯನ ಮೋಟಾರ್ ಸರ್ವೀಸಿನ ಕಂಡಕ್ಟರು, ಅಂದರೆ ಗಂಡನ ಎದುರಾಳಿಯ ಆಳು. ಅವನು ಮುಂಬಾಗಿಲಿಗೆ ಬರುವ ಹಾಗಿರಲಿಲ್ಲ. ಬಂದಿದ್ದರೆ ಹಾಸನದ ಆ ಬೀದಿಗೆ ವಾರವೆಲ್ಲ ಅದೇ ಮಾತಾಗುತ್ತಿತ್ತು. ಆದರೆ ಅವನು ಹುಟ್ಟಿದ್ದು ಅರಕಲಗೂಡಿನಲ್ಲಿ, ಅವಳ ತವರುಮನೆಯ ಹಿಂದಿನ ಕೇರಿಯಲ್ಲಿ. ಅವಳ ಅವ್ವ ಗುರುಸಿದ್ದಮ್ಮ ಕೊಟ್ಟ ರೊಟ್ಟಿ ತಿಂದು ಬೆಳೆದವನು.

"ಅಕ್ಕ, ಅಮ್ಮಾರು ಮಲಗ್ಬುಟ್ಟವ್ರೆ," ಎಂದ. "ಜರ ಇಳೀತಾ ಇಲ್ಲ. ಗಂಜಿ ಕೊಟ್ರೆ ಅದೂ ಒಲ್ಲೆ ಅಂತಾರೆ. ನೆನ್ನೆ ನನ್ನ ಕರೆದು ಯೋಳುದ್ರು ಕಣಕ್ಕ. ದಾಕ್ಷಾಯಣಿ ಮಗೀನ ಕರ್ಕಂಡು ಒಂದು ಕಿತ ಬಂದು ಮಕ ತೋರ್ಸ್ಬುಟ್ಟು ಓಗ್ಲಿ ಅಂತ."

ದಾಕ್ಷಾಯಣಮ್ಮ ಸಗಣಿಯ ಕೈಯನ್ನು ಹಾಗೇ ಮುಂದಕ್ಕೆ ಹಿಡಿದುಕೊಂಡು ನಿಂತಳು. ಪಂಡಿತರನ್ನು ಅಣ್ಣ ಗೌರೀಶಂಕರ ಕರೆಸಿದ್ದನೇ ಎಂದು ಕೇಳಿದಳು. ಕರೆಸಿದ್ದ, ಪಂಡಿತರು ನಾಡಿ ನೋಡಿ, ಮದ್ದು ಕೊಟ್ಟು, ಏನೂ ಹೇಳದೆ ಎದ್ದು ಹೋದರಂತೆ. ತಮ್ಮ ಗಾಡಿ ಇನ್ನು ಸ್ವಲ್ಪ ಹೊತ್ತಿಗೆ ಹೊರಡುತ್ತದೆ, ಮುಂದಿನ ಸೀಟು ಖಾಲಿ ಇರಿಸುತ್ತೇನೆ, ಬಂದುಬಿಡಿ ಎಂದೂ ರಂಗಣ್ಣ ಹೇಳಿದ. ದೊಡ್ಡಯ್ಯನ ಗಾಡಿಯನ್ನು ಪಂಚಾಕ್ಷರಯ್ಯನ ಹೆಂಡತಿ ಹತ್ತುವುದುಂಟೇ? ಹತ್ತಿದರೆ ಗಂಡ ಊರಲ್ಲಿ ತಲೆಯೆತ್ತಿ ತಿರುಗುವ ಹಾಗಿಲ್ಲ ಎಂದಳು.

"ಅಂಗಾರೆ ನಿಮ್ ಗಾಡೀಲೇ ಬನ್ನಿ. ಎಂಗೂ ದಿನಾ ಅತ್ತೀರಲ್ಲ," ಎಂದುಬಿಟ್ಟ ರಂಗಣ್ಣ. ಅಂದಮೇಲೆ ನಾಲಿಗೆ ಕಚ್ಚಿಕೊಂಡು, ತಲೆ ತಗ್ಗಿಸಿ, ಬೇಲಿಯ ಸಂದಿಯಿಂದ ಹೊರಟುಹೋದ.

ದಿನಾ ಹತ್ತುತ್ತಿದ್ದಳು, ನಿಜ. ಹತ್ತುವುದಕ್ಕೇನೂ ಕೊರತೆಯಿರಲಿಲ್ಲ.

ಹಾಸನದಿಂದ ಅರಕಲಗೂಡಿಗೆ ಮೊದಲು ಮೋಟಾರು ಬಿಟ್ಟವನು ಪಂಚಾಕ್ಷರಯ್ಯನೇ. ಅಪ್ಪ ಬಿಟ್ಟುಹೋದ ಜವಳಿ ಅಂಗಡಿಯನ್ನು ಮುಚ್ಚಿ, ಇದ್ದಬದ್ದದ್ದನ್ನೆಲ್ಲ ಸೇರಿಸಿ ಒಂದು ಬಸ್ಸು ತಂದ. ಬೆಳಗ್ಗೆ ಒಂದು ಸಲ ಹೋಗುವುದು, ಸಂಜೆ ಒಂದು ಸಲ ಬರುವುದು. ಆಗ ಜನ ಗಾಡಿಗೆ ಕಾಯುತ್ತಿದ್ದರು, ಗಾಡಿಯೂ ಜನಕ್ಕೆ ಕಾಯುತ್ತಿತ್ತು. ಕೋರ್ಟು ಕೆಲಸಕ್ಕೆ ಬಂದ ಶಾನುಭೋಗರು ಇನ್ನೂ ಊಟಕ್ಕೆ ಕೂತಿದ್ದಾರೆಂದರೆ ಡ್ರೈವರ್ ಬೈರಯ್ಯ ಅವರ ಬಿಡಾರದ ಮುಂದೆ ಗಾಡಿ ನಿಲ್ಲಿಸಿ, ಹಾರನ್ ಒತ್ತಿ, ಅವರು ಕೈ ತೊಳೆದು ಬರುವತನಕ ಬೀಡಿ ಸೇದುತ್ತಿದ್ದ. ಒಳಗಿದ್ದವರು ಗೊಣಗುತ್ತಿರಲಿಲ್ಲ. ಗೊಣಗಿ ಇಳಿದರೆ ಎತ್ತಿನ ಗಾಡಿಯೇ ಗತಿ ಎಂಬುದು ಅವರಿಗೂ ಗೊತ್ತಿತ್ತು.

ಆಮೇಲೆ ಭತ್ತದ ಮಂಡಿಯ ದೊಡ್ಡಯ್ಯನ ಕಣ್ಣು ಆ ರಸ್ತೆಯ ಮೇಲೆ ಬಿತ್ತು. ಅವನು ಒಟ್ಟಿಗೇ ಎರಡು ಬಸ್ಸು ತಂದು ನಿಲ್ಲಿಸಿದ. ದಿನಕ್ಕೊಂದು ಸಲ ಓಡುತ್ತಿದ್ದ ದಾರಿಯಲ್ಲಿ ಬೆಳಗ್ಗೆ, ಮಧ್ಯಾಹ್ನ, ಸಂಜೆ ಗಾಡಿಗಳಾದವು. ಏಳು ಗಂಟೆಗೆ ಪಂಚಾಕ್ಷರಯ್ಯನ ಗಾಡಿ ಹೊರಟರೆ ದೊಡ್ಡಯ್ಯನದು ಆರೂಮುಕ್ಕಾಲಿಗೆ. ಇವನು ಆರೂವರೆಗೆ ತಂದರೆ ಅವನು ಆರೂಕಾಲಿಗೆ. ಹೀಗೇ ಹಿಂದಕ್ಕೆ ಜರುಗುತ್ತ ಜರುಗುತ್ತ ಕೊನೆಗೊಂದು ದಿನ ಎರಡೂ ಗಾಡಿಗಳು ಕೋಳಿ ಕೂಗುವ ಮೊದಲೇ ಬಂದು, ಒಬ್ಬ ನರಪಿಳ್ಳೆಯೂ ಇಲ್ಲದ ಸ್ಟಾಂಡಿನಲ್ಲಿ ಒಂದರ ಮೋರೆ ಒಂದು ನೋಡಿಕೊಂಡು ನಿಂತವು. ಅವನು ಹತ್ತಿದವರಿಗೆ ಕಾಫಿ ಕುಡಿಸಿದ. ಇವನು ಎಲೆಅಡಿಕೆ ಕೊಡಿಸಿದ. ಅವನ ಏಜೆಂಟ್ ಹಳ್ಳಿಯವರ ಕೈ ಹಿಡಿದು ಎಳೆದರೆ ಇವನ ಕ್ಲೀನರ್ ಅವರ ಗಂಟು ಎಳೆದ. ಗಂಟು ಒಂದು ಗಾಡಿಯ ಟಾಪಿನ ಮೇಲೆ, ಗಂಟಿನ ಯಜಮಾನ ಇನ್ನೊಂದು ಗಾಡಿಯ ಒಳಗೆ ಆದದ್ದೂ ಉಂಟು.

ಹೊತ್ತಿನಲ್ಲಿ ಗೆಲ್ಲುವುದಾಗದಿದ್ದರೆ ತುಂಬುವುದರಲ್ಲಿ ಗೆಲ್ಲಬೇಕು. ಹಳ್ಳಿಯಿಂದ ಬಂದವನು ಖಾಲಿ ಗಾಡಿ ಹತ್ತುವುದಿಲ್ಲ. ಒಳಗೆ ಇಣುಕಿ, ಯಾರೂ ಇಲ್ಲದಿದ್ದರೆ, ಇದು ಹೊರಡುವುದು ಯಾವ ಕಾಲಕ್ಕೋ ಎಂದು ಪಕ್ಕದ ಗಾಡಿಗೆ ಹೋಗುತ್ತಾನೆ. ಇಬ್ಬರು ಕೂತಿದ್ದರೆ ತಾನೂ ಕೂರುತ್ತಾನೆ. ಅವನನ್ನು ನೋಡಿ ಇನ್ನೊಬ್ಬ. ಪಂಚಾಕ್ಷರಯ್ಯ ಇದಕ್ಕೆ ಹೆಪ್ಪು ಎಂದು ಹೆಸರಿಟ್ಟ. ಒಂದು ತೊಟ್ಟು ಮಜ್ಜಿಗೆ ಬಿಟ್ಟರೆ ಕೊಡ ಹಾಲು ಮೊಸರಾಗುವುದಿಲ್ಲವೇ, ಹಾಗೆ. ಮೊದಮೊದಲು ಸ್ಟಾಂಡಿನ ಹಮಾಲಿಗಳನ್ನು ಕೂರಿಸಿ ನೋಡಿದ. ಅವರು ಕೂತಲ್ಲೇ ಗೊರಕೆ ಹೊಡೆದರು. ಅವರ ತಲೆಯ ಸಿಂಬೆ ನೋಡಿಯೇ ಜನ ನಕ್ಕರು. ದೊಡ್ಡಯ್ಯನೂ ತನ್ನ ಮಂಡಿಯ ಆಳುಗಳನ್ನು ತಂದು ಕೂರಿಸಿದ. ಆಗ ಪಂಚಾಕ್ಷರಯ್ಯನಿಗೆ ಹೊಳೆದದ್ದು ಹೆಂಡತಿ, ಮಗಳು. ಒಗೆದು ಮಡಿಸಿದ ಸೀರೆ ಉಟ್ಟ ಹೆಂಗಸು, ಪಕ್ಕದಲ್ಲಿ ಜಡೆಗೆ ಹೂ ಮುಡಿದ ಮಗು, ಮಡಿಲಲ್ಲಿ ಗಂಟು ಇದ್ದರೆ ಆ ಗಾಡಿ ಮರ್ಯಾದಸ್ಥರ ಗಾಡಿ, ಈಗಲೋ ಆಗಲೋ ಹೊರಡುವ ಗಾಡಿ.

ಎರಡು ದಿನಕ್ಕೆ ಎಂದು ಕೂರಿಸಿದವನು ವರ್ಷವಾದರೂ ಎಬ್ಬಿಸಲಿಲ್ಲ.

ಬೈರಯ್ಯ ಮನೆಯ ಮುಂದೆ ಹಾರನ್ ಒತ್ತಿದರೆ ತಾಯಿಮಗಳು ಹೊರಡಬೇಕು. ಸ್ಟಾಂಡಿನಲ್ಲಿ ಎಡಗಡೆಯ ಕಿಟಕಿಯ ಪಕ್ಕ ಕೂರಬೇಕು. ಗಾಡಿಯಲ್ಲಿದ್ದಷ್ಟು ಹೊತ್ತು ಶಾಂತ ಅಪ್ಪಾಜಿಯನ್ನು ಅಪ್ಪಾಜಿ ಎನ್ನಬಾರದು, ಏನನ್ನೂ ಕೇಳಬಾರದು. ಗಾಡಿ ತುಂಬಿ, ಊರು ದಾಟಿ, ಒಂದನೆಯ ಮೈಲಿಕಲ್ಲಿನ ಹತ್ತಿರ ನಿಲ್ಲುತ್ತದೆ. ಸುತ್ತಲ ಹಳ್ಳಿಗಳವರು ಅಲ್ಲಿ ಕಾಯುತ್ತಿರುತ್ತಾರೆ. ಅಲ್ಲಿ ಇವರು ಇಳಿದರೆ ಆ ಎರಡು ಜಾಗಕ್ಕೆ ಟಿಕೀಟಿನ ಜನ ಹತ್ತುತ್ತಾರೆ. ಇವರು ಗಂಟು ಹೊತ್ತುಕೊಂಡು ಮೈಲಿ ದೂರ ನಡೆದು ಮನೆಗೆ. ಗಂಟಿನಲ್ಲಿ ಇರುತ್ತಿದ್ದುದು ಹಳೆಯ ಗೋಣಿಚೀಲ.

ಊರವರಿಗೆಲ್ಲ ಇದು ಗೊತ್ತಿತ್ತು. ನಂಬುತ್ತಿದ್ದವರು ಹಳ್ಳಿಯವರು. ಪಕ್ಕದಲ್ಲಿ ಕೂತ ಹೆಂಗಸರು ಯಾವೂರಿಗವ್ವ ಎಂದು ಕೇಳಿದರೆ ದಾಕ್ಷಾಯಣಮ್ಮ, ಅರಕಲಗೂಡಿಗೆ, ತವರಿಗೆ ಎನ್ನುತ್ತಿದ್ದಳು. ಗಂಡ ಹೇಳಿಕೊಟ್ಟದ್ದು ಹಾಗೆ. ಸುಳ್ಳು ಹೇಳುವುದೇ ಆದರೆ ಬೇರೆ ಯಾವುದಾದರೂ ಊರಿನ ಹೆಸರು ಹೇಳಿಕೊಡಬಾರದಿತ್ತೇ ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿದ್ದಿದೆ. ದಿನಾ ಬೆಳಗ್ಗೆ ತವರಿಗೆ ಹೊರಡುವುದು, ದಿನಾ ಮೈಲಿಕಲ್ಲಿನಿಂದ ತಿರುಗಿ ಬರುವುದು. ನಿಜವಾಗಿ ತವರಿಗೆ ಹೋಗಿ ಒಂದು ದೀಪಾವಳಿ ಕಳೆದು ಇನ್ನೊಂದು ಬರುತ್ತಿತ್ತು.

ಆ ದಿನ ರಂಗಣ್ಣ ಹೋದ ಹಿಂದೆಯೇ ಹಾರನ್ ಆಯಿತು. ಒಲೆಯ ಒಂದು ಗುಂಡು ಸಾರಿಸದೆ ಉಳಿಯಿತು. ಮಗುವನ್ನು ಎಬ್ಬಿಸಿ, ಮುಖ ತೊಳೆಸಿ, ಜಡೆ ಹಾಕಿ ಹೊರಟಳು. ಗಾಡಿಯಲ್ಲಿ ಗಂಡನ ಜೊತೆ ಮಾತಾಡುವಂತಿಲ್ಲ. ಮಧ್ಯಾಹ್ನ ಅವನು ಊಟಕ್ಕೆ ಕೂತಾಗ ಎಲ್ಲವನ್ನೂ ಹೇಳಿದಳು.

ಯಾರು ಹೇಳಿದರು ಎಂದು ಕೇಳಿದ. ರಂಗಣ್ಣ ಎಂದದ್ದೇ ತಡ, ಕಲಸಿದ ತುತ್ತನ್ನು ತಟ್ಟೆಗೇ ಬಿಟ್ಟ.

ಅವನ ಅನುಮಾನಕ್ಕೂ ಕಾರಣವಿತ್ತು. ಹಿಂದಿನ ಸುಗ್ಗಿಯಲ್ಲಿ, ಮಂಗಳವಾರ ಸಂತೆಯ ಜನ ಮುತ್ತಿದ್ದ ಹೊತ್ತಿನಲ್ಲಿ, ಯಾರೋ ಬಂದು ಡ್ರೈವರ್ ಬೈರಯ್ಯನಿಗೆ ನಿನ್ನಪ್ಪ ತೀರಿಕೊಂಡ ಎಂದು ಹೇಳಿದ್ದರು. ಬೈರಯ್ಯ ಗಾಡಿ ಬಿಟ್ಟು, ಎದೆ ಬಡಿದುಕೊಂಡು ಓಡಿದ. ಊರಿಗೆ ಹೋಗಿ ನೋಡಿದರೆ ಅವರಪ್ಪ ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ. ಮಗ ಅಳುತ್ತ ಬಂದದ್ದು ನೋಡಿ ಯಾರ್ಲಾ ಸತ್ತೋರು ಎಂದು ಅವನೇ ಕೇಳಿದನಂತೆ. ಅಷ್ಟು ಹೊತ್ತಿಗೆ ದೊಡ್ಡಯ್ಯನ ಎರಡೂ ಗಾಡಿಗಳು ತುಂಬಿ ಹೋಗಿದ್ದವು. ಅಂದಿನಿಂದ ಆ ಕಡೆಯಿಂದ ಬಂದ ಸಾವು, ನೋವು, ಮದುವೆ ಯಾವ ಸುದ್ದಿಯನ್ನೂ ಪಂಚಾಕ್ಷರಯ್ಯ ನಂಬುತ್ತಿರಲಿಲ್ಲ.

ಈಗಂತೂ ನಂಬುವ ಕಾಲವೇ ಅಲ್ಲ. ಎರಡು ಸರ್ವೀಸುಗಳೂ ದಾರಿಬಿಡದೆ ಓಡಿ ಜನರ ಪ್ರಾಣ ತೆಗೆಯುತ್ತಿವೆ ಎಂದು ದೂರು ಹೋಗಿತ್ತು. ಇನ್ನು ಮೇಲೆ ಬೆಳಗಿನ ಹೊತ್ತು ಒಬ್ಬರ ಗಾಡಿಗೇ ಪರ್ಮಿಟ್ಟು ಎಂದಾಗಿತ್ತು. ಯಾರ ಗಾಡಿಗೆ ಜನ ತಾವಾಗಿ ಹತ್ತುತ್ತಾರೆಂದು ನೋಡಲು ಒಬ್ಬ ಅಧಿಕಾರಿ ಆ ವಾರದಲ್ಲೇ ಬರುವವನಿದ್ದ, ಯಾವ ದಿನವೆಂದು ತಿಳಿಯದು. ದೊಡ್ಡಯ್ಯನಿಗೆ ಪರ್ಮಿಟ್ಟು ಹೋದರೆ ಪಂಚಾಕ್ಷರಯ್ಯ ಇರುವ ಒಂದು ಗಾಡಿಯನ್ನು ಮಾರಿ ಮತ್ತೆ ಬಟ್ಟೆ ಅಳೆಯಲು ಯಾರದಾದರೂ ಅಂಗಡಿಗೆ ಸೇರಬೇಕು.

"ನೀನು ತವರಿಗೆ ಹೋದರೆ ಹೆಪ್ಪಿಗೆ ಯಾರಿದ್ದಾರೆ?" ಎಂದ ಪಂಚಾಕ್ಷರಯ್ಯ. "ಅದು ದೊಡ್ಡಯ್ಯನಿಗೂ ಗೊತ್ತು. ಅದಕ್ಕೇ ಆಳು ಕಳಿಸಿದ್ದಾನೆ. ಹೆತ್ತವ್ವನ ಹೆಸರು ಹೇಳಿದರೆ ಹೆಂಗಸು ಹೊರಟಾಳು ಅಂತ."

"ರಂಗಣ್ಣ ಅಂಥವನಲ್ಲ," ಎಂದಳು.

"ಸಂಬಳ ಕೊಡೋನು ಯಾರು, ಅದು ನೋಡು ಮೊದಲು."

ಅಷ್ಟಾದರೂ ಅವನು ಕಲ್ಲುಮನಸ್ಸಿನವನಲ್ಲ. ಮಾರನೆಯ ಬೆಳಗ್ಗೆ ತಾನೇ ಅಂಗಡಿಗೆ ಹೋಗಿ ದಾಳಿಂಬೆ ತಂದು, ಅತ್ತೆಯ ಕೈಗೇ ಕೊಟ್ಟು ಹೇಗಿದ್ದಾರೆಂದು ನೋಡಿಕೊಂಡು ಬಾ ಎಂದು ಬೈರಯ್ಯನಿಗೆ ಹೇಳಿದ. ಸಂಜೆ ಬೈರಯ್ಯ ಬಾಗಿಲಿಗೆ ಬಂದು, ಕಣ್ಣು ಬೇರೆಲ್ಲೋ ನೆಟ್ಟುಕೊಂಡು, ವಾಸಿ ಅಂತೆ ಅಮ್ಮಾವ್ರೆ, ಎದ್ದು ಕೂತವ್ರಂತೆ ಎಂದ. ಅದರ ಮರುದಿನವೂ ಅದೇ ಮಾತು. ಪಂಚಾಕ್ಷರಯ್ಯ ಹೆಂಡತಿಯ ಮುಖ ನೋಡಿದ. ನಾನು ಹೇಳಲಿಲ್ಲವೇ ಎಂದು ಬಾಯಿಬಿಟ್ಟು ಅನ್ನಲಿಲ್ಲ, ಅಷ್ಟು ಒಳ್ಳೆಯತನ ಅವನಲ್ಲಿತ್ತು.

ದಾಕ್ಷಾಯಣಮ್ಮ ನಂಬಿದಳೇ? ಹಗಲು ಕೆಲಸ ಮಾಡುವಾಗ ನಂಬುತ್ತಿದ್ದಳು. ಅಕ್ಕಿ ಆರಿಸುವಾಗ, ಬಟ್ಟೆ ಹಿಂಡುವಾಗ, ಅವ್ವ ಎದ್ದು ಕೂತಿದ್ದಾಳೆ, ದಾಳಿಂಬೆ ಬಿಡಿಸಿ ತಿನ್ನುತ್ತಿದ್ದಾಳೆ ಎಂದುಕೊಳ್ಳುತ್ತಿದ್ದಳು. ಗಾಡಿಯಲ್ಲಿ ಕೂತು, ಅರಕಲಗೂಡಿಗೆ, ತವರಿಗೆ ಎಂದು ಬಾಯಲ್ಲಿ ಹೇಳುವಾಗ ಮಾತ್ರ ನಂಬಿಕೆ ಜಾರಿಹೋಗುತ್ತಿತ್ತು.

ಮಗುವಿಗೆ ಅಜ್ಜಿಗೆ ಮೈ ಚೆನ್ನಾಗಿಲ್ಲವೆಂಬುದು ಗೊತ್ತಾಗಿತ್ತು. ದೊಡ್ಡವರು ಮಾತಾಡುವಾಗ ನಿದ್ದೆಮಾಡುವಂತೆ ಬಿದ್ದುಕೊಂಡು ಎಲ್ಲವನ್ನೂ ಕೇಳಿಸಿಕೊಳ್ಳುವ ಮಗು ಅದು. ಒಂದು ಬೆಳಗ್ಗೆ ಗೊರೂರಿನ ಕಡೆಯ ಮುದುಕಿಯೊಬ್ಬಳು ಪಕ್ಕಕ್ಕೆ ಕೂತು, ಮಡಿಲಿನಿಂದ ಹುರಿಗಡಲೆ ತೆಗೆದು ಶಾಂತಳ ಅಂಗೈಗೆ ಹಾಕಿದಳು.

"ಅಜ್ಜಿ ಮನೀಗಾ ಮಗ?" ಎಂದು ಕೇಳಿದಳು.

ಶಾಂತ ಅವ್ವನ ಮುಖ ನೋಡಿತು. ಹೂಂ ಎನ್ನಬೇಕೋ ಊಹೂಂ ಎನ್ನಬೇಕೋ ತಿಳಿಯದೆ, ಕಡಲೆಯನ್ನು ಬಾಯಿಗೂ ಹಾಕದೆ, ಮುಷ್ಟಿ ಬಿಗಿಹಿಡಿದು ಕೂತಿತು. ಬಾಯಿ ಏನನ್ನೋ ಕೇಳಲು ತೆರೆಯಿತು. ದಾಕ್ಷಾಯಣಮ್ಮ ಅದರ ಮೊಣಕಾಲನ್ನು ಮೆಲ್ಲಗೆ ಒತ್ತಿದಳು. ಬಾಯಿ ಮುಚ್ಚಿಕೊಂಡಿತು. ಮೈಲಿಕಲ್ಲಿನಲ್ಲಿ ಇಬ್ಬರೂ ಇಳಿಯುವಾಗ ಮುದುಕಿ ಕಿಟಕಿಯಿಂದ ತಲೆ ಹಾಕಿ, ಇದ್ಯಾಕವ್ವ ಇಲ್ಲೇ ಇಳ್ಕಂಡೆ, ಅರಕಲಗೂಡು ಇನ್ನೂ ದೂರ ಅದೆ ಎಂದು ಕೂಗಿದಳು. ಏನೋ ಮರೆತು ಬಂದೆ ಎಂದಳು ದಾಕ್ಷಾಯಣಮ್ಮ. ಗಾಡಿ ಧೂಳೆಬ್ಬಿಸಿಕೊಂಡು ಹೋಯಿತು. ಹಿಂತಿರುಗಿ ನಡೆಯುವ ದಾರಿಯಲ್ಲೆಲ್ಲ ಮಗು ಏನನ್ನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಗದರಿಯಾದರೂ ಹಗುರವಾಗಬಹುದಿತ್ತು.

ಅಧಿಕಾರಿ ಬಂದದ್ದು ಶುಕ್ರವಾರ. ಸ್ಟಾಂಡಿನ ಆಚೆ ಬದಿಯಲ್ಲಿ ಅವನ ಕಾರು ನಿಂತಿತ್ತು. ಪಂಚಾಕ್ಷರಯ್ಯ ವಿಭೂತಿ ದಟ್ಟವಾಗಿ ಧರಿಸಿ, ಒಗೆದ ಕೋಟು ಹಾಕಿಕೊಂಡು, ಗಾಡಿಯ ಬಾಗಿಲ ಹತ್ತಿರ ನಿಂತಿದ್ದ. ದಾಕ್ಷಾಯಣಮ್ಮ ಮದುವೆಯ ಧಾರೆಸೀರೆ ಉಟ್ಟಿದ್ದಳು, ಗಂಡ ಅದನ್ನೇ ಉಡು ಎಂದಿದ್ದ. ಇಬ್ಬರು ಕೂತದ್ದು ನೋಡಿ ಒಂದು ಸಂಸಾರ ಹತ್ತಿತು. ಅವರ ಹಿಂದೆ ಎರಡು ಸಂಸಾರ. ದೊಡ್ಡಯ್ಯನ ಗಾಡಿಯಲ್ಲಿ ಮಂಡಿಯ ಆಳುಗಳು ಆಕಳಿಸುತ್ತ ಕೂತಿದ್ದರು.

ಆಗ ಆ ಗಾಡಿಯಿಂದ ರಂಗಣ್ಣ ಇಳಿದು, ನೇರವಾಗಿ ಇವಳ ಕಿಟಕಿಯ ಕೆಳಗೆ ಬಂದು ನಿಂತ. ಹಿತ್ತಿಲ ಬಾಗಿಲಿನ ಮೆಲುದನಿ ಈಗ ಇರಲಿಲ್ಲ.

"ಅಕ್ಕ, ಇವತ್ತು ಇಳೀಬ್ಯಾಡಿ. ಅಮ್ಮಾರ ಮಾತು ನಿಂತೋಗದೆ. ಬಾಗ್ಲ ಕಡೀಕೆ ನೋಡ್ತಾ ಮಲಗವ್ರೆ."

ಸ್ಟಾಂಡಿನಲ್ಲಿದ್ದವರೆಲ್ಲ ಈ ಕಡೆ ತಿರುಗಿದರು. ಪಂಚಾಕ್ಷರಯ್ಯ ನಾಲ್ಕು ಹೆಜ್ಜೆಗೆ ಓಡಿಬಂದು ರಂಗಣ್ಣನ ತೋಳು ಹಿಡಿದು ಎಳೆದ. ಅವನ ಮುಖದಲ್ಲಿದ್ದುದು ಸಿಟ್ಟಲ್ಲ, ಭಯ. ಆ ಕಾರಿನ ಕಡೆಗೊಮ್ಮೆ, ಹೆಂಡತಿಯ ಕಡೆಗೊಮ್ಮೆ ನೋಡಿ, ಹಲ್ಲು ಕಚ್ಚಿ, "ಸರಿಯಾದ ದಿನಾನೇ ನೋಡಿ ಕಳಿಸಿದ್ದಾನಲ್ಲೋ ನಿಮ್ಮ ಧಣಿ," ಎಂದ. ರಂಗಣ್ಣ ತೋಳು ಬಿಡಿಸಿಕೊಂಡ. ನಿಮ್ಮ ಅನ್ನದಾಣೆ ಸಾ, ಸುಳ್ಳಲ್ಲ ಎಂದ. ಅದು ಯಾರ ಕಿವಿಗೆ ಬಿತ್ತು? ಬೈರಯ್ಯ ಹ್ಯಾಂಡಲ್ ಹೊಡೆದು ಇಂಜಿನ್ ಎಬ್ಬಿಸಿಬಿಟ್ಟಿದ್ದ.

ಗಾಡಿ ತುಂಬಿ ಹೊರಟಿತು. ಸ್ವಲ್ಪ ದೂರ ಬಿಟ್ಟು ಅಧಿಕಾರಿಯ ಕಾರೂ ಹೊರಟಿತು. ಎಷ್ಟು ಜನಕ್ಕೆ ಅಪ್ಪಣೆಯೋ ಅಷ್ಟೇ ಜನ ಇದ್ದಾರೆಯೇ ಎಂದು ಅವನು ದಾರಿಯಲ್ಲಿ ನಿಲ್ಲಿಸಿ ನೋಡುವವನಿದ್ದ. ಮೈಲಿಕಲ್ಲಿನ ಹತ್ತಿರ ಶೆಟ್ಟಿಹಳ್ಳಿ ಕಡೆಯ ಗಂಡಹೆಂಡಿರಿಬ್ಬರು ಕೈಯೆತ್ತಿ ನಿಂತಿದ್ದರು. ಹಿಂದಿನಿಂದ ದೊಡ್ಡಯ್ಯನ ಗಾಡಿಯ ಹಾರನ್ ಕೇಳಿಸುತ್ತಿತ್ತು. ಇವನು ಹತ್ತಿಸಿಕೊಳ್ಳದಿದ್ದರೆ ಕಾರಿನ ಎದುರಿಗೇ ಅವನು ಹತ್ತಿಸಿಕೊಳ್ಳುತ್ತಾನೆ.

ಬಸ್ಸು ನಿಂತಿತು. ದಾಕ್ಷಾಯಣಮ್ಮ ಏಳಲಿಲ್ಲ.

ಕಿಟಕಿಯ ಸರಳನ್ನು ಹಿಡಿದುಕೊಂಡು, ಮುಂದಿನ ರಸ್ತೆಯನ್ನೇ ನೋಡುತ್ತ ಕೂತಳು. ಆ ರಸ್ತೆ ಗೊರೂರು ದಾಟಿ, ಅರಕಲಗೂಡಿನ ಪೇಟೆಬೀದಿ ದಾಟಿ, ಅವ್ವನ ಮನೆಯ ಬಾಗಿಲಿಗೇ ಹೋಗುತ್ತದೆ. ಏಳದೆ ಕೂತರೆ ಸಾಕು, ಬೇರೇನೂ ಮಾಡಬೇಕಾಗಿಲ್ಲ. ಅಧಿಕಾರಿಗಾಗಿ ಅಂದು ಮೈಲಿಕಲ್ಲಿನ ತನಕ ತಾನೂ ಹತ್ತಿದ್ದ ಪಂಚಾಕ್ಷರಯ್ಯ ಸೀಟುಗಳ ನಡುವೆ ನುಸುಳಿಕೊಂಡು ಬಂದು ಅವಳ ಪಕ್ಕ ನಿಂತ. ಸುತ್ತ ಕೂತವರಿಗೆಲ್ಲ ಕೇಳಿಸುವಂತೆ, ಯಾರೋ ಪರವೂರಿನ ಹೆಂಗಸಿಗೆ ಹೇಳುವ ದನಿಯಲ್ಲಿ ಹೇಳಿದ:

"ಅಮ್ಮಾ, ನೀವು ಇಳಿಯೋ ಜಾಗ ಬಂತು."

ಅವಳು ತಲೆಯೆತ್ತಿ ನೋಡಿದಳು. ಇಷ್ಟು ವರ್ಷದ ಸಂಸಾರದಲ್ಲಿ ಅವನು ಅವಳನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಅವನ ಹಣೆಯ ವಿಭೂತಿ ಬೆವರಿಗೆ ಇಳಿದು ಹುಬ್ಬಿಗೆ ಬಂದಿತ್ತು. ಕಣ್ಣು ಬೇಡುತ್ತಿತ್ತು, ಬಾಯಿ ಮಾತ್ರ ಬೇರೆಯವನ ಹಾಗೆ ಬಿಗಿದಿತ್ತು. ಬೈರಯ್ಯ ಹೇಳಿದ್ದಾನಲ್ಲ ವಾಸಿ ಎಂದು, ಇವರು ಹೇಳುವುದೇ ನಿಜವಿರಬಹುದು, ರಂಗಣ್ಣನಿಗೂ ಹೊಟ್ಟೆಪಾಡಿದೆ ಎಂದು ಒಂದು ಗಳಿಗೆ ಅನ್ನಿಸಿತು. ಆ ಒಂದು ಗಳಿಗೆ ಸಾಕಾಯಿತು. ಎದ್ದಳು. ಮಗು ಆಗಲೇ ಗಂಟು ಎತ್ತಿಕೊಂಡಿತ್ತು.

ಅಂದು ಸಂಜೆ ಪಂಚಾಕ್ಷರಯ್ಯ ಎರಡು ಮೊಳ ಮಲ್ಲಿಗೆ, ಒಂದು ಪೊಟ್ಟಣ ಮಿಠಾಯಿ ತಂದ. ಬೆಳಗಿನ ಹೊತ್ತು ಇನ್ನು ನಮ್ಮದೇ ಎಂದ. ನಾಳೆಯೇ ಹೊರಡು, ಎರಡು ದಿನವಲ್ಲ, ತಿಂಗಳೇ ಇದ್ದು ಬಾ, ಇನ್ನು ಹೆಪ್ಪೂ ಬೇಡ, ಏನೂ ಬೇಡ ಎಂದ. ಹೆಂಡತಿಯ ಕೈಗೆ ಹೂ ಕೊಟ್ಟು, ಮಗುವಿನ ಬಾಯಿಗೆ ಮಿಠಾಯಿ ಇಟ್ಟ. ದಾಕ್ಷಾಯಣಮ್ಮ ಹೂವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಳು. ಅವ್ವನಿಗೆ ಮುಡಿಸೋಣ ಎಂದುಕೊಂಡಳು. ಗಂಟಿನಿಂದ ಗೋಣಿ ತೆಗೆದು, ನಿಜವಾದ ಸೀರೆ, ಮಗುವಿನ ಲಂಗ, ಅವ್ವನಿಗೆ ಇಷ್ಟವಾದ ನಿಂಬೆ ಉಪ್ಪಿನಕಾಯಿ ಇಟ್ಟು ಕಟ್ಟಿದಳು.

ಮಾರನೆಯ ಬೆಳಗ್ಗೆ ರಂಗಣ್ಣ ಮುಂಬಾಗಿಲಿಗೇ ಬಂದ. ಕೂಗಲಿಲ್ಲ, ತಟ್ಟಲಿಲ್ಲ. ತಲೆಯ ಮೇಲಿನ ಟವಲು ತೆಗೆದು ಹೆಗಲಿಗೆ ಹಾಕಿಕೊಂಡು ನಿಂತ. ನೀರು ಹಾಕಲೆಂದು ಬಾಗಿಲು ತೆಗೆದ ದಾಕ್ಷಾಯಣಮ್ಮ ಅವನನ್ನು ನೋಡಿದಳು. ಒಳಗಿನಿಂದ ಬಂದ ಪಂಚಾಕ್ಷರಯ್ಯ ಈ ಸಲ ಯಾರು ಕಳಿಸಿದರು ಎಂದು ಕೇಳಲಿಲ್ಲ. ಗುರುಸಿದ್ದಮ್ಮ ನಡುರಾತ್ರಿಯಲ್ಲಿ ಶಿವನ ಪಾದ ಸೇರಿದ್ದಳು. ಹೆಣ ಕೂರಿಸುವ ವಿಮಾನ ಕಟ್ಟಲು ಆಗಲೇ ಬಿದಿರು ತರಿಸಿದ್ದಾರೆ, ಹೊತ್ತು ಇಳಿಯುವುದರೊಳಗೆ ಮಣ್ಣು ಎಂದು ರಂಗಣ್ಣ ಹೇಳಿದ.

ಬೈರಯ್ಯ ಗಾಡಿ ತಂದು ಮನೆಯ ಮುಂದೆ ನಿಲ್ಲಿಸಿದ. ಹಾರನ್ ಒತ್ತಲಿಲ್ಲ. ಗಂಟನ್ನು ಅವಳ ಕೈಯಿಂದ ತೆಗೆದುಕೊಳ್ಳುವಾಗ, ತಲೆ ಬಗ್ಗಿಸಿಕೊಂಡೇ ಮಾತಾಡಿದ.

"ನಾನು ಅಮ್ಮಾರ ಮನೆಗಂಟ ಓಗ್ಲೇ ಇಲ್ಲ ತಾಯಿ. ದೊಡ್ಡಯ್ಯನ ಗಾಡಿ ಆಗ್ಲೇ ವಾಪಸ್ ತಿರುಗ್ತಾ ಇತ್ತು, ನಾನೂ ತಿರುಗಿಸ್ಬುಟ್ಟೆ. ದಾಳಿಂಬೆನ ಅಲ್ಲಿ ಸ್ಟಾಂಡಿನ ಅಂಗಡಿಯೋನ ಕೈಲಿ ಕೊಟ್ಟೆ. ಅವನೇ ವಾಸಿ ಅಂದ. ನಾನೂ ವಾಸಿ ಅಂದ್ಬುಟ್ಟೆ."

ಪಂಚಾಕ್ಷರಯ್ಯ ಅದನ್ನು ಕೇಳಿಸಿಕೊಂಡ. ಗಾಡಿಯ ಬಾಗಿಲು ತೆಗೆದು ಹೆಂಡತಿ ಮಗಳನ್ನು ಹತ್ತಿಸಿದ. ಗಾಡಿಯನ್ನು ಖಾಲಿಯಾಗಿಯೇ ಓಡಿಸಿಕೊಂಡು ಹೋಗೋಣವೆಂದು ಅವನ ಮನಸ್ಸಿನಲ್ಲಿತ್ತೋ ಏನೋ. ಆದರೆ ಪರ್ಮಿಟ್ಟು ಸಿಕ್ಕ ಮೊದಲನೆಯ ದಿನ, ಹೊತ್ತಿಗೆ ಸರಿಯಾಗಿ ಸ್ಟಾಂಡಿನಲ್ಲಿ ನಿಂತು ಹೊರಡಬೇಕೆಂದು ಅಪ್ಪಣೆಯಿತ್ತು. ನಿಂತರು.

ದಾಕ್ಷಾಯಣಮ್ಮ ಎಡಗಡೆಯ ಕಿಟಕಿಯ ಪಕ್ಕ ಕೂತು, ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಪಕ್ಕದಲ್ಲಿ ಮಗು, ಮಡಿಲಲ್ಲಿ ಗಂಟು. ಹಳ್ಳಿಯವರು ಬಂದು ಇಣುಕಿದರು. ಪಾಪ, ಯಾರೋ ಸತ್ತವರ ಮನೆಗೆ ಹೊರಟಿದ್ದಾರೆ, ಈ ಗಾಡಿ ತಡಮಾಡುವುದಿಲ್ಲ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಹತ್ತಿದರು. ಯಾರೂ ಕೂಗಲಿಲ್ಲ, ಯಾರೂ ಕೈ ಹಿಡಿದು ಎಳೆಯಲಿಲ್ಲ. ಆ ಗಾಡಿ ಅಷ್ಟು ಬೇಗ ಎಂದೂ ತುಂಬಿರಲಿಲ್ಲ.

ಊರು ದಾಟಿತು. ಮೈಲಿಕಲ್ಲಿನ ಹತ್ತಿರ ನಾಲ್ಕು ಜನ ಕೈಯೆತ್ತಿ ನಿಂತಿದ್ದರು. ಬೈರಯ್ಯನ ಕಾಲು ತಾನಾಗಿ ಬ್ರೇಕಿಗೆ ಹೋಯಿತು. ಗಾಡಿ ನಿಂತಿತು.

ಶಾಂತ ಎದ್ದು ನಿಂತಿತು. ಅವ್ವನ ಮಡಿಲಿನಿಂದ ಗಂಟು ಎಳೆದುಕೊಂಡು, ಇಳಿಯಲು ಸೀಟುಗಳ ನಡುವೆ ಎರಡು ಹೆಜ್ಜೆ ಇಟ್ಟು, ಅವ್ವ ಬರುತ್ತಿಲ್ಲವೆಂದು ಕಂಡು ಹಿಂತಿರುಗಿ ನೋಡಿತು. ದಾಕ್ಷಾಯಣಮ್ಮ ಕೈ ಚಾಚಿದಳು. ಬಾಗಿಲ ಹತ್ತಿರ ನಿಂತಿದ್ದ ಪಂಚಾಕ್ಷರಯ್ಯ ಬಂದು ಮಗುವಿನ ತಲೆಯ ಮೇಲೆ ಕೈಯಿಟ್ಟ.

"ಕೂತ್ಕೋ ಮಗ," ಎಂದ. "ಇವತ್ತು ಇಳಿಯೋದಿಲ್ಲ. ಅಜ್ಜಿ ಊರಿಗೆ ಹೋಗ್ತಾ ಇದೀವಿ."

ಮಗು ಕೂರಲಿಲ್ಲ. ಹತ್ತಬೇಕಾದವರು ಮೆಟ್ಟಿಲ ಮೇಲೆ ಕಾಲಿಟ್ಟು ಹಾಗೇ ನಿಂತಿದ್ದರು. ಒಳಗಿದ್ದವರು ಕತ್ತು ಹೊರಳಿಸಿ ನೋಡುತ್ತಿದ್ದರು. ಶಾಂತ ಗಂಟನ್ನು ಎದೆಗೆ ಅವುಚಿಕೊಂಡು, ಅವನ ಮುಖವನ್ನೇ ನೋಡುತ್ತ, ಗಾಡಿಯಲ್ಲಿದ್ದವರಿಗೆಲ್ಲ ಕೇಳಿಸುವಷ್ಟು ದನಿಯಲ್ಲಿ ಕೇಳಿತು:

"ಅಪ್ಪಾಜಿ, ಅಜ್ಜಿ ಕರೆದಾಗ ನಾವು ಇದೇ ಬಸ್ಸಲ್ಲೇ ಕೂತಿದ್ವಲ್ಲ, ಆವಾಗ ಯಾಕೆ ಇಳಿಸಿದ್ರಿ?"